ಎದುರು ಪುಟ

ಪ್ರತಿ ಕಿಯೆಕ್ಕೊದ ಬೆನ್ನ ಮೇಲೂ ನಾಲ್ಕು ಅಂಕಿ.
ವೇಗ, ತೇಲು, ಹೊರಳು, ಕೊನೆಯ ವಾಲು.
ಕಾರ್ಖಾನೆ ಬರೆದು ಕಳಿಸಿದ ಹಣೆಬರಹ.
ನಂಬುವವರು ನಂಬಲಿ.
ನಾನು ಶಾಲೆಯ ವ್ಯಾನು ಓಡಿಸುವವಳು,
ಸವೆದ ಟೈರು ಯಾವ ಕಡೆ ಎಳೆಯುತ್ತದೆಂದು
ಕೈಗೇ ಗೊತ್ತು.

ಅಕ್ಟೋಬರಿನ ಶನಿವಾರ, ಬೆಳಿಗ್ಗೆ ಒಂಬತ್ತು.
ಹಾಪಸಾಲ್ಮಿಯ ಫುಟ್‌ಬಾಲ್ ಮೈದಾನ ಖಾಲಿ.
ಹುಲ್ಲಿನ ಮೇಲೆ ಉಪ್ಪು ಉದುರಿಸಿದಂತೆ ಹೆಪ್ಪುಗಟ್ಟಿದ ಇಬ್ಬನಿ.
ಉರ್ಹೊ ಮಡಚುವ ಕುರ್ಚಿ ತಂದಿದ್ದಾನೆ, ಕೂರುವುದಿಲ್ಲ.
ಅದರ ಮೇಲೆ ಹನ್ನೊಂದು ಕಿಯೆಕ್ಕೊ,
ಊಟ ಮುಗಿದ ಮನೆಯ ತಟ್ಟೆಗಳಂತೆ ಪೇರಿಸಿ.
ಫ್ಲಾಸ್ಕಿನಲ್ಲಿ ಕಾಫಿ. ನನ್ನ ಕಂಕುಳಲ್ಲಿ ಅವನ ನೋಟ್‌ಬುಕ್ಕು.

ಮೊದಲು ಬಿಳಿಯದು, ಅಂಗಡಿಯ ವಾಸನೆ ಹೋಗದ್ದು.
ಏಳು, ಐದು, ಮೈನಸ್ ಒಂದು, ಎರಡು.
ನಾನು ಬಲಗೈಯವಳು. ಬೀಸಿದೆ.
ಹೊರಟದ್ದು ನೆಟ್ಟಗೆ,
ನಡುದಾರಿಯಲ್ಲಿ ಬಲಕ್ಕೆ ಚೂರು ಮನಸ್ಸು ಮಾಡಿ
ಬೇಡವೆಂದು ಎಡಕ್ಕೆ ವಾಲಿ ಕೂತಿತು.
ತೊಂಬತ್ತೆಂಟು ಹೆಜ್ಜೆ. ಹೇಳಿದ ಮಾತು ಕೇಳುವ ಮಗು.

ಆಮೇಲೆ ಹಳದಿ, ನನ್ನದೇ.
ಅದೇ ಅಚ್ಚು, ಅವೇ ಅಂಕಿ,
ಒಂಬತ್ತು ವರ್ಷ ಬರ್ಚ್ ಮರಗಳಿಂದ ಕಪಾಳಕ್ಕೆ ತಿಂದದ್ದು,
ಅಂಚು ನಾಯಿ ಜಗಿದಂತೆ.
ಬಿಟ್ಟೊಡನೆ ಬಲಕ್ಕೆ ಹೊರಳಿತು,
ಹೊರಳಿದ್ದೇ ಹೊರಳಿದ್ದು, ಮರಳುವ ಮಾತಿಲ್ಲ.
ವಾಲು ಎರಡು ಎಂಬುದು
ಮಾಸಿದ ಶಾಯಿಯಲ್ಲಷ್ಟೇ ಉಳಿದಿದೆ.

ಹಸಿರಿನದು ಮೊಂಡ. ಗಾಳಿ ಎಷ್ಟು ತಳ್ಳಿದರೂ ಕೊನೆಗೆ ಎಡವೇ.
ಕಿತ್ತಳೆಯದು ಇಳಿಯಲೊಲ್ಲದು,
ಹೊರಟು ನಿಂತ ನೆಂಟ
ಹೊಸ್ತಿಲಲ್ಲಿ ಇನ್ನೊಂದು ಸುದ್ದಿ ತೆಗೆದಂತೆ.
ಚಳಿಗೆ ಪ್ಲಾಸ್ಟಿಕ್ಕು ಗಾಜಾಗಿದೆ,
ಬೆರಳಿಗೆ ಹಿಡಿತವಿಲ್ಲ.
ಇದನ್ನೂ ಬರೆದೆ.

ಈಗ ಉರ್ಹೊ.
ಮೂವತ್ತು ವರ್ಷ ಬಲಗೈಯಲ್ಲಿ ಎಸೆದವನು.
ಮಾರ್ಚಿನಲ್ಲಿ ತಲೆಯೊಳಗೆ ಒಂದು ನಾಳ ಮುಚ್ಚಿತು.
ಆ ಕೈ ಈಗ ಕೋಟಿನ ಜೇಬಿನಲ್ಲಿದೆ,
ಯಾರೋ ಕೊಟ್ಟು ಹೋದ, ಇನ್ನೂ ಬಿಚ್ಚದ ಪೊಟ್ಟಣ.
ಎಡಗೈಗೆ ಎಲ್ಲವೂ ತಿರುಗುಮುರುಗು:
ಹೊರಳು ಎಡಕ್ಕೆ, ವಾಲು ಬಲಕ್ಕೆ.
ನೋಟ್‌ಬುಕ್ಕಿನಲ್ಲಿ ಅವನದೇ ಅಕ್ಷರದಲ್ಲಿ
ಸಾಲು ಸಾಲು ‘ಎಡ’.
ಹೊಡೆದುಹಾಕಲೇ ಎಂದೆ.
"ಇರಲಿ. ಎದುರು ಪುಟದಲ್ಲಿ ಬರಿ."

ಬಿಳಿಯದನ್ನು ಎಸೆದ.
ಹೊರಳಲು ವೇಗ ಬೇಕು, ಅದು ಅವನ ತೋಳಲ್ಲಿಲ್ಲ.
ವಾಲು ಮಾತ್ರ ಕಾಯುತ್ತಾ ಕೂತಿತ್ತು,
ಇಪ್ಪತ್ತನೆಯ ಹೆಜ್ಜೆಗೇ ಬಲಕ್ಕೆ ಎಳೆದು ಚರಂಡಿಗೆ ಕೆಡವಿತು.
"ಎಡಕ್ಕೆ ಹೋಯ್ತು ನೋಡು!" ಎಂದು ಕೂಗಿದ,
ಕೂಗಿದ ಮೇಲೆ ತನ್ನ ಬಾಯನ್ನು ತಾನೇ
ಅಪರಿಚಿತನಂತೆ ಮುಟ್ಟಿಕೊಂಡ.
ಹಸಿರು ಇನ್ನೂ ಹತ್ತಿರ ಬಿತ್ತು. ಕಿತ್ತಳೆಯೂ ಅಷ್ಟೇ.
ನಾನು ಕಾಫಿ ಸುರಿದೆ.
ಅವನು ಕುಡಿಯಲಿಲ್ಲ.

ರಾಶಿಯ ತಳದಲ್ಲಿದ್ದ ಹಳದಿಯನ್ನು
ಎಳೆದುಕೊಂಡದ್ದು ಸಿಟ್ಟಿನಿಂದಲೇ ಇರಬೇಕು.
ನಿಧಾನದ ಕೈ, ಸವೆದ ಅಂಚು.
ನನ್ನ ಬೀಸಿಗೆ ಮೈಮರೆತು ಹೊರಳುವ ಅದು
ಅವನ ಕೈಯಿಂದ ಹೊರಟು
ಎಡಕ್ಕೂ ಹೊರಳದೆ, ಬಲಕ್ಕೂ ವಾಲದೆ,
ಹಿಮದ ಮೇಲೆ ಮೊಣಕಾಲೆತ್ತರದಲ್ಲಿ
ದಾರ ಕಟ್ಟಿ ಎಳೆದಂತೆ ಹೋಯಿತು.
ಗೋಲಿನ ಕಂಬಕ್ಕೆ ಟಣ್ಣೆಂದು ಬಡಿದು
ಇನ್ನೊಂದು ಏಟು ತಿಂದಿತು.

ಹೆಜ್ಜೆ ಎಣಿಸಿದವನು ಅವನೇ,
ಎಳೆಯುವ ಕಾಲಿಗೂ ಒಂದು ಲೆಕ್ಕ ಕೊಟ್ಟು. ನಲವತ್ತೇಳು.
ವೇಗ ಎಷ್ಟೆಂದು ಬರೆಯಲಿ, ಕೇಳಿದೆ,
ಹೊರಳು ಎಷ್ಟು, ವಾಲು ಎಷ್ಟು?
"ನಲವತ್ತೇಳು ಅಂತ ಬರಿ."
ಅಂಚಿನ ಮಂಜನ್ನು ತೊಡೆಗೆ ಉಜ್ಜುತ್ತಾ
"ಎಷ್ಟಕ್ಕೆ ಕೊಡ್ತೀಯ ಕೆರ್ಟ್ಟು, ಈ ಹಾಳನ್ನ?"
ಕೊಡೋದಿಲ್ಲ, ಅಂದೆ. ಏಪ್ರಿಲ್ ತನಕ ಸಾಲ.
ಆಮೇಲೆ ಬಿಳಿಯದನ್ನು ಹುಡುಕಲು ಚರಂಡಿಗೆ ಇಳಿದೆ.
ಮೇಲಿನಿಂದ ಅವನು ದಾರಿ ಹೇಳುತ್ತಿದ್ದ:
ಎಡಕ್ಕೆ, ಇನ್ನೂ ಎಡಕ್ಕೆ,
ಅಲ್ಲ, ತಡಿ.